ಹಲಗೆ ಬಾಗಿಲಿನಿಂದ ಗಾಜಿನ ಗೋಡೆಗೆ

ಹಳೆಯ ಪೇಟೆ ಬೀದಿಗಳಲ್ಲಿ ಬೆಳಿಗ್ಗೆ ಅಂಗಡಿ ತೆರೆಯುವುದು ಒಂದು ನಿಮಿಷದ ಕೆಲಸವಾಗಿರಲಿಲ್ಲ. ಹೊಸ್ತಿಲಿನ ಮೇಲೆ ಒಂದು ತೋಡು, ಮೇಲಿನ ಅಡ್ಡತೊಲೆಯಲ್ಲಿ ಇನ್ನೊಂದು ತೋಡು. ಎರಡರ ನಡುವೆ ಒಂದರ ಪಕ್ಕ ಒಂದರಂತೆ ನಿಂತ ಉದ್ದನೆಯ ಮರದ ಹಲಗೆಗಳು. ಕೊನೆಯ ಹಲಗೆಯ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಅದಕ್ಕೊಂದು ದಪ್ಪ ಬೀಗ. ಬೀಗ ತೆಗೆದು ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಬೇಕಿತ್ತು. ಸಂಜೆ ಮತ್ತೆ ಅದೇ ಕ್ರಮದಲ್ಲಿ ಜೋಡಿಸಬೇಕಿತ್ತು. ಕ್ರಮ ತಪ್ಪದಿರಲೆಂದು ಹಲಗೆಗಳ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ಸಂಖ್ಯೆ ಬರೆದಿರುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯಂಥ ಊರುಗಳ ಹಿರಿಯರಿಗೆ ಆ ಹಲಗೆಗಳ ಸದ್ದು ಇನ್ನೂ ಕಿವಿಯಲ್ಲಿರಬಹುದು.

ಈ ಸೀಮೆಯಲ್ಲಿ ಮರಕ್ಕೆ ಬರವಿರಲಿಲ್ಲ. ಪಶ್ಚಿಮಕ್ಕೆ ತೇಗ, ಬೀಟೆ, ಹೊನ್ನೆ, ಮತ್ತಿ ಮರಗಳ ಕಾಡು. ಹುಣಸೂರು ಮರದ ವ್ಯಾಪಾರಕ್ಕೆ ಹೆಸರಾದ ಊರು. ಅಮೃತಮಹಲ್ ದನಗಳ ಇಲಾಖೆ, ಚರ್ಮ ಹದ ಮಾಡುವ ಕಾರ್ಖಾನೆ, ಕಾಫಿ ಸಂಸ್ಕರಣೆ ಇವೆಲ್ಲ 19ನೇ ಶತಮಾನದಲ್ಲಿಯೇ ಇಲ್ಲಿದ್ದವು. ಹಾಗಾಗಿ ಅಂಗಡಿಗೆ ಹಲಗೆ ಬಾಗಿಲು ಇಡುವುದು ಸಹಜವಾದ ಮಾತೇ ಆಗಿತ್ತು.

ಆದರೆ ಆ ಬಾಗಿಲು ನಿಜಕ್ಕೂ ಎಷ್ಟು ಭದ್ರ? ಒಂದು ಹಾರೆ, ಒಂದಿಷ್ಟು ಹೊತ್ತು ಸಿಕ್ಕರೆ ಯಾವ ಹಲಗೆಯೂ ನಿಲ್ಲುವುದಿಲ್ಲ. ಅಂಗಡಿಯನ್ನು ಕಾಯುತ್ತಿದ್ದುದು ಬರೀ ಹಲಗೆಯಲ್ಲ. ಅಂಗಡಿಯ ಹಿಂದೆಯೇ ಅಥವಾ ಅಟ್ಟದ ಮೇಲೆಯೇ ಮಾಲೀಕರ ಮನೆ. ಮುಂದಿನ ಜಗಲಿಯಲ್ಲಿ ಬೇಸಿಗೆಯ ರಾತ್ರಿ ಮಲಗುವವರು ಇರುತ್ತಿದ್ದರು. ಪಕ್ಕದ ಅಂಗಡಿಗೂ ಇದಕ್ಕೂ ಒಂದೇ ಗೋಡೆ. ಹಲಗೆಯ ಮೇಲೆ ಹಾರೆ ಬಿದ್ದರೆ ಬೀದಿಯೇ ಎದ್ದು ಕೂರುತ್ತಿತ್ತು. ಹಲಗೆ ಕಳ್ಳನನ್ನು ತಡೆಯುತ್ತಿದ್ದುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಎದ್ದು ಬರುವ ಜನ ಇದ್ದರು ಎಂಬುದೇ ಮುಖ್ಯ. ಇಂದಿನ ಭದ್ರತಾ ಗಾಜಿನ ಲೆಕ್ಕಾಚಾರವೂ ಇದೇ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಅರಮನೆಯ ಚಾವಣಿಯಿಂದ ಅಂಗಡಿಗೆ

ಸಂಸ್ಕೃತದ ‘ಕಾಚ’ ಕನ್ನಡದಲ್ಲಿ ‘ಗಾಜು’ ಆಯಿತು. ನಮ್ಮ ಜನರಿಗೆ ಬಹುಕಾಲ ಗಾಜೆಂದರೆ ಬಳೆ. ಆಮೇಲೆ ಲಾಟೀನಿನ ಬುರುಡೆ, ಅಡುಗೆಮನೆಗೆ ಬೆಳಕು ಬಿಡುವ ಗಾಜಿನ ಹೆಂಚು. ಕಟ್ಟಡವನ್ನೇ ಗಾಜಿನಲ್ಲಿ ಕಟ್ಟಬಹುದೆಂಬುದನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ 1851ರಲ್ಲಿ ಲೋಕಕ್ಕೆ ತೋರಿಸಿತು. ಅದೇ ಮಾದರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆ ನಡೆಯಿತು. ಮೈಸೂರಿನಲ್ಲಿ ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿದಾಗ ಅದರ ಕಲ್ಯಾಣ ಮಂಟಪದ ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಗುಮ್ಮಟ ಬಂದಿತು. ಸೀಮೆಯ ಜನ ದಸರೆಗೆ ಹೋದಾಗ ಕತ್ತೆತ್ತಿ ನೋಡುತ್ತಿದ್ದ ಗಾಜು ಅದು.

ಪೇಟೆಯ ಅಂಗಡಿಗಳಿಗೆ ಗಾಜು ಬಂದದ್ದು ಸಣ್ಣ ರೂಪದಲ್ಲಿ. ಮೊದಲು ಪೆಪ್ಪರಮಿಂಟಿನ ಜಾಡಿ, ಆಮೇಲೆ ಬಟ್ಟೆ ಅಂಗಡಿಯ ಗಾಜಿನ ಬೀರು, ಬೇಕರಿಯ ಷೋಕೇಸು. ಹಲಗೆ ಬಾಗಿಲಿನ ಜಾಗಕ್ಕೆ ಉಕ್ಕಿನ ರೋಲಿಂಗ್ ಷಟರ್ ಬಂದಾಗ ಗಾಜು ಇನ್ನೂ ಅಂಗಡಿಯ ಒಳಗೇ ಇತ್ತು. ಅದು ಬೀದಿಯ ಅಂಚಿಗೆ ಬಂದದ್ದು ಇತ್ತೀಚೆಗೆ.

ಇದಕ್ಕೆ ಕಾರಣಗಳನ್ನು ಹುಡುಕುವಾಗ ತಂಬಾಕನ್ನು ಬಿಡುವಂತಿಲ್ಲ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ 1984ರಲ್ಲಿ ಆರಂಭವಾಯಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಬೆಳೆಗಾರರ ಕೈಗೆ ವರ್ಷದ ಕೆಲವೇ ತಿಂಗಳಲ್ಲಿ ದೊಡ್ಡ ಮೊತ್ತ ಬರುವಂತಾಯಿತು. ಆ ಹಣದಲ್ಲಿ ಸಾಲ ತೀರಿ ಉಳಿದದ್ದು ಚಿನ್ನಕ್ಕೆ, ಬೈಕಿಗೆ, ಮದುವೆಗೆ. ಕೆ.ಆರ್. ನಗರದ ಕಥೆ ಬೇರೆ. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯ ಬದಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಗಲವಾದ ಬೀದಿಗಳೊಂದಿಗೆ ಕಟ್ಟಿದ ಊರು ಅದು. ಅಲ್ಲಿನ ಹಣ ಭತ್ತದ್ದು. ಬೆಳೆ ಯಾವುದಾದರೇನು, ಕೊಳ್ಳುವವರು ಮೈಸೂರಿಗೆ ಬಸ್ಸು ಹತ್ತದಂತೆ ಇಲ್ಲಿಯೇ ತಡೆದು ನಿಲ್ಲಿಸಬೇಕಾದರೆ ಅಂಗಡಿಯೂ ಮೈಸೂರಿನ ಅಂಗಡಿಯಂತೆ ಕಾಣಬೇಕು. ಹಾಗೆ ಚಿನ್ನದಂಗಡಿ, ಮೊಬೈಲ್ ಅಂಗಡಿ, ಬ್ಯಾಂಕು, ವಾಹನಗಳ ಷೋರೂಮುಗಳ ಮುಂಭಾಗ ನೆಲದಿಂದ ಚಾವಣಿಯವರೆಗೆ ಗಾಜಾಯಿತು.

ದೊಡ್ಡ ಗಾಜು ಸುಲಭವಾಗಿ ಸಿಗುವಂತಾದದ್ದೂ ಒಂದು ಕಾರಣ. ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಅಲಿಸ್ಟರ್ ಪಿಲ್ಕಿಂಗ್ಟನ್ 1950ರ ದಶಕದಲ್ಲಿ ರೂಪಿಸಿದರು. ಅದಕ್ಕೇ ಅದು ಫ್ಲೋಟ್ ಗಾಜು. ನೆರೆಯ ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ ಸೇಂಟ್ ಗೋಬೇನ್ ಕಂಪನಿಯ ಕಾರ್ಖಾನೆ 2000ದಲ್ಲಿ ಶುರುವಾದ ಮೇಲೆ ದಕ್ಷಿಣದ ಪೇಟೆಗಳಿಗೆ ಇದು ಹತ್ತಿರದಿಂದಲೇ ಬರತೊಡಗಿತು.

ಗಾಜು ಒಂದೇ ಅಲ್ಲ

ಹೊರಗಿನಿಂದ ನೋಡಿದರೆ ಎಲ್ಲ ಗಾಜೂ ಒಂದೇ. ವ್ಯತ್ಯಾಸ ತಿಳಿಯುವುದು ಒಡೆದಾಗ. ಸಾದಾ ಫ್ಲೋಟ್ ಗಾಜು ಒಡೆದರೆ ಕತ್ತಿಯಂಥ ಉದ್ದನೆಯ ಚೂರುಗಳಾಗಿ ಮೇಲಿನಿಂದ ಬೀಳುತ್ತದೆ. ಬಾಗಿಲು ಮುಚ್ಚಿದೆಯೆಂದು ತಿಳಿಯದೆ ಓಡಿಬಂದ ಮಗುವಿಗೆ ಕಳ್ಳನಿಗಿಂತ ದೊಡ್ಡ ಅಪಾಯ ಇದು.

ಎರಡನೆಯದು ಟಫನ್ಡ್ ಗಾಜು. ಫ್ರಾನ್ಸಿನ ದೆ ಲಾ ಬಾಸ್ತಿ ಎಂಬಾತ 1870ರ ದಶಕದಲ್ಲಿಯೇ ಕಾಯಿಸಿದ ಗಾಜನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿಮಾಡುವ ಹಕ್ಕುಪತ್ರ ಪಡೆದಿದ್ದ. ಆದರೆ ಅವನ ಗಾಜು ಕೆಲವೊಮ್ಮೆ ಯಾರೂ ಮುಟ್ಟದೆಯೇ ಸಿಡಿಯುತ್ತಿತ್ತು! ಈಗ ಗಾಜನ್ನು ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎರಡೂ ಬದಿಗೆ ಜೋರಾಗಿ ಗಾಳಿ ಹಾಯಿಸಿ ತಟ್ಟನೆ ಆರಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಭಾಗ ನಿಧಾನವಾಗಿ ಆರುತ್ತಾ ಹೊರಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಹೀಗೆ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲ ಬರುತ್ತದೆ. ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಪುಡಿ. ಹಾಗಾಗಿ ಮೈಗೆ ಆಳವಾದ ಗಾಯವಾಗುವುದು ಕಡಿಮೆ. ಆದರೆ ಒಂದು ಮಾತನ್ನು ಅಂಗಡಿ ಮಾಲೀಕರಲ್ಲಿ ಹಲವರು ಗಮನಿಸಿಲ್ಲ. ಒಡೆದ ಕ್ಷಣದಲ್ಲಿ ಇಡೀ ಗಾಜು ಕುಸಿದು ದಾರಿ ತೆರೆದೇ ಬಿಡುತ್ತದೆ. ಇದು ಗಾಯ ತಪ್ಪಿಸುವ ಗಾಜೇ ಹೊರತು ಕಳ್ಳನನ್ನು ತಡೆಯುವ ಗಾಜಲ್ಲ. ‘ಟಫನ್ ಗ್ಲಾಸ್ ಹಾಕಿಸಿದ್ದೇವೆ, ಭಯವಿಲ್ಲ’ ಎನ್ನುವವರು ಎರಡು ಬೇರೆ ಬೇರೆ ಭಯಗಳನ್ನು ಒಂದಾಗಿಸಿಕೊಂಡಿದ್ದಾರೆ.

ಮೂರನೆಯದೇ ಲ್ಯಾಮಿನೇಟೆಡ್ ಗಾಜು. ಇದರ ಕಥೆ ಸ್ವಾರಸ್ಯವಾಗಿದೆ. ಎದ್ವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಜ್ಞ, ಚಿತ್ರಕಾರನೂ ಹೌದು, 1903ರಲ್ಲಿ ತನ್ನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುದ್ದಲಿಯನ್ನು ಕೈಜಾರಿ ಬೀಳಿಸಿದ. ಅದು ಬಿರುಕುಬಿಟ್ಟಿತು, ಚೂರಾಗಲಿಲ್ಲ. ಒಳಗೆ ಮೊದಲಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿ ತೆಳು ಪೊರೆಯಾಗಿ ಅಂಟಿತ್ತು. 1909ರಲ್ಲಿ ಆತ ಎರಡು ಗಾಜುಗಳ ನಡುವೆ ಪೊರೆಯಿಟ್ಟ ಗಾಜಿಗೆ ಹಕ್ಕುಪತ್ರ ಪಡೆದ. ಮೊದಲ ಮಹಾಯುದ್ಧದಲ್ಲಿ ಅದು ವಿಷಾನಿಲದ ಮುಖವಾಡಗಳ ಕಣ್ಣಾಯಿತು. ಈಗ ನಡುವೆ ಇರುವುದು ಪಿವಿಬಿ ಎಂಬ ಪ್ಲಾಸ್ಟಿಕ್; ಒಂದು ಪದರ 0.38 ಮಿಲಿಮೀಟರ್. ನಾವು ದಿನವೂ ಓಡಾಡುವ ಬಸ್ಸಿನ ಚಾಲಕನ ಮುಂದಿರುವುದು ಇದೇ ಜಾತಿಯ ಗಾಜು. ಕಲ್ಲು ಬಿದ್ದರೆ ಜೇಡರ ಬಲೆಯಂತೆ ಬಿರುಕುಬಿಟ್ಟೂ ಚೌಕಟ್ಟಿನಲ್ಲಿಯೇ ನಿಲ್ಲುತ್ತದೆ. ಕಾವೇರಿ ಗಲಾಟೆಯ ದಿನಗಳಲ್ಲಿ, 1991ರಲ್ಲಾಗಲಿ 2016ರಲ್ಲಾಗಲಿ, ಕಲ್ಲು ಬಿದ್ದ ಬಸ್ಸುಗಳನ್ನು ಕಂಡವರಿಗೆ ಇದು ಗೊತ್ತು.

ಕೊಳ್ಳುವುದು ನಿಮಿಷಗಳನ್ನು

ಪೊರೆಗಳನ್ನು ದಪ್ಪಗೊಳಿಸುತ್ತಾ, ಪದರಗಳನ್ನು ಹೆಚ್ಚಿಸುತ್ತಾ ಹೋದರೆ ಅದೇ ಭದ್ರತಾ ಗಾಜು. ಎಷ್ಟು ಭದ್ರ ಎಂದು ಅಳೆಯುವ ಕ್ರಮವೂ ಇದೆ. ಯುರೋಪಿನ ಇಎನ್ 356 ಮಾನದಂಡದ ಪ್ರಕಾರ 4.11 ಕಿಲೋ ತೂಕದ ಉಕ್ಕಿನ ಗುಂಡನ್ನು ಗಾಜಿನ ಮೇಲೆ ಬೀಳಿಸುತ್ತಾರೆ. ಪಿ4ಎ ದರ್ಜೆಯ ಗಾಜು 9 ಮೀಟರ್ ಎತ್ತರದಿಂದ ಮೂರು ಬಾರಿ ಬಿದ್ದ ಗುಂಡನ್ನು ತಡೆಯಬೇಕು. ಪಿ6ಬಿಯಿಂದ ಮೇಲಿನ ದರ್ಜೆಗಳಲ್ಲಿ ಕೊಡಲಿಯ ಪರೀಕ್ಷೆ. ಪಿ6ಬಿ ಎಂದರೆ 30ರಿಂದ 50 ಏಟು, ಪಿ8ಬಿ ಎಂದರೆ 70ಕ್ಕೂ ಹೆಚ್ಚು. ಇಲ್ಲಿ ಗಮನಿಸಿ. ಯಾವ ದರ್ಜೆಯೂ ‘ಒಡೆಯುವುದಿಲ್ಲ’ ಎಂದು ಹೇಳುತ್ತಿಲ್ಲ. ಎಷ್ಟು ಏಟಿಗೆ ದಾರಿ ಬಿಡುತ್ತದೆ ಎಂದಷ್ಟೇ ಹೇಳುತ್ತದೆ. ದುಡ್ಡು ಕೊಟ್ಟು ಕೊಳ್ಳುವುದು ಕೆಲವು ನಿಮಿಷಗಳನ್ನು.

ಹಾಗಾದರೆ ಆ ನಿಮಿಷಗಳಲ್ಲಿ ಬರುವವರು ಯಾರು? ಹಳೆಯ ಬೀದಿಯಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಈಗ ಮೈಸೂರು-ಮಡಿಕೇರಿ ಹೆದ್ದಾರಿಯ ಬದಿಯ ವಾಣಿಜ್ಯ ಕಟ್ಟಡಗಳಲ್ಲಿ ಮಹಡಿಯ ಮೇಲೂ ಅಂಗಡಿಯೇ, ಕಚೇರಿಯೇ. ಮಾಲೀಕರ ಮನೆ ಬಡಾವಣೆಯಲ್ಲಿ. ರಾತ್ರಿ ಒಂಬತ್ತರ ಮೇಲೆ ಏಟಿನ ಸದ್ದು ಕೇಳುವ ಕಿವಿಗಳಿಲ್ಲ. ಎಚ್ಚರಿಕೆ ಗಂಟೆಯಿಲ್ಲದ, ಕಾವಲಿನವನಿಲ್ಲದ ಅಂಗಡಿಗೆ ದುಬಾರಿ ಗಾಜು ಹಾಕಿದರೆ ಕಳ್ಳನಿಗೆ ಹೆಚ್ಚು ಬೆವರು ಬರುತ್ತದೆ, ಅಷ್ಟೆ.

ಗಾಜಿನ ಇನ್ನೊಂದು ಗುಣವನ್ನು ಇಲ್ಲಿ ಹೇಳಬೇಕು. ಅದರ ಮೂಲಕ ಕಾಣುತ್ತದೆ. ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಒಂದರಲ್ಲಿ 2013ರ ನವೆಂಬರ್ 19ರ ಬೆಳಿಗ್ಗೆ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆ ನಡೆಯಿತು. ದುಷ್ಕರ್ಮಿ ಮಾಡಿದ ಮೊದಲ ಕೆಲಸ ಷಟರ್ ಎಳೆದದ್ದು. ಜನ ಓಡಾಡುವ ರಸ್ತೆಯ ಪಕ್ಕದಲ್ಲಿಯೇ, ಉಕ್ಕಿನ ಷಟರಿನ ಹಿಂದೆ, ಆಕೆ ಒಬ್ಬಂಟಿಯಾದರು. ಕಳ್ಳನನ್ನು ಹೊರಗಿಡಲು ಮಾಡಿದ ಬಾಗಿಲು ಅವನನ್ನೇ ಮರೆಮಾಡಿತು. ನಮ್ಮ ಊರುಗಳ ಗಾಜಿನ ಅಂಗಡಿಗಳಲ್ಲಿ ಗಾಜಿನ ಮುಕ್ಕಾಲು ಭಾಗಕ್ಕೆ ಆಫರ್‌ಗಳ ಸ್ಟಿಕರ್ ಅಂಟಿಸುವುದನ್ನು ನೋಡಿದಾಗ ಈ ಘಟನೆ ನೆನಪಾಗುತ್ತದೆ. ರಸ್ತೆಯಿಂದ ಒಳಗೇನೂ ಕಾಣದ ಮೇಲೆ ಗಾಜಿಗೂ ಗೋಡೆಗೂ ಏನು ವ್ಯತ್ಯಾಸ?

ಗಾಜಿನಿಂದ ಆಗದ ಕೆಲಸವೂ ಇದೆ. ಮೈಸೂರಿನ ವಿದ್ಯಾರಣ್ಯಪುರಂನ ಚಿನ್ನದಂಗಡಿಯಲ್ಲಿ 2021ರ ಆಗಸ್ಟ್ 23ರಂದು ದರೋಡೆ ನಡೆದು, ಗುಂಡಿಗೆ ಯುವಕನೊಬ್ಬ ಬಲಿಯಾದ. ದರೋಡೆಕೋರರು ಬಂದದ್ದು ವ್ಯಾಪಾರದ ಹೊತ್ತಿನಲ್ಲಿ. ಗಿರಾಕಿಗೆ ತೆರೆದ ಬಾಗಿಲು ಅವರಿಗೂ ತೆರೆದೇ ಇರುತ್ತದೆ.

ಬೆಂಕಿಯ ವಿಷಯ ಇನ್ನೂ ಗಂಭೀರ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತುಂಬಿದ ಮಹಡಿಗಳಲ್ಲಿ ಜನ ಉಸಿರಿಗಾಗಿ ಗಾಜು ಒಡೆದರು. ಕೆಲವರು ಅಲ್ಲಿಂದಲೇ ಹಾರಿದರು. ಈಗ ಯೋಚಿಸಿ. ಕೊಡಲಿಯ 50 ಏಟಿಗೆ ಜಗ್ಗದ ಗಾಜನ್ನು ಒಳಗೆ ಸಿಕ್ಕಿಬಿದ್ದ ಗುಮಾಸ್ತೆ ಕುರ್ಚಿಯಿಂದ ಒಡೆಯಬಲ್ಲಳೇ? ಗಾಜು ಒಳಗಿನವರು ಯಾರು, ಹೊರಗಿನವರು ಯಾರು ಎಂದು ನೋಡುವುದಿಲ್ಲ. ಆದ್ದರಿಂದ ಭದ್ರತಾ ಗಾಜು ಹಾಕಿದ ಅಂಗಡಿಗೆ ಹಿಂದೆ ಇನ್ನೊಂದು ಬಾಗಿಲು, ತೆರೆಯಲು ಬರುವ ಕಿಟಕಿ ಇರಲೇಬೇಕು. ಉದ್ದಕ್ಕೆ ಹೋದ, ಅಗಲ ಕಡಿಮೆಯಿರುವ ಪೇಟೆಯ ನಿವೇಶನಗಳಲ್ಲಿ ಆ ಹಿಂಬಾಗಿಲನ್ನೇ ಮುಚ್ಚಿ ಗೋದಾಮು ಮಾಡಿಕೊಳ್ಳುವುದು ರೂಢಿ.

ಮೂಲೆಯ ಮುದ್ರೆ

ಕಾನೂನು ಏನು ಹೇಳುತ್ತದೆ? ವಾಹನಗಳಿಗೆ ಸುರಕ್ಷತಾ ಗಾಜು ಕಡ್ಡಾಯವೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಕಟ್ಟಡಗಳ ಮಾತು ಅಷ್ಟು ನೇರವಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗಾಜಿಗೆಂದೇ ಒಂದು ವಿಭಾಗವಿದೆ. ಆದರೆ ಸಂಹಿತೆ ಮಾರ್ಗಸೂಚಿ. ಸ್ಥಳೀಯ ನಿಯಮಗಳು ಅಳವಡಿಸಿಕೊಂಡಾಗಲೇ ಅದಕ್ಕೆ ಬಲ. ಕಟ್ಟಡಗಳಲ್ಲಿ ಬಳಸುವ ಸುರಕ್ಷತಾ ಗಾಜಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 2553, ಭಾಗ 1 ಎಂಬ ಮಾನದಂಡವಿದೆ.

ಟಫನ್ಡ್ ಗಾಜನ್ನು ಹದಗೊಳಿಸಿದ ಮೇಲೆ ಕೊರೆಯಲು, ಕತ್ತರಿಸಲು ಬರುವುದಿಲ್ಲ. ಅಳತೆ ಕೊಟ್ಟು ಕಾರ್ಖಾನೆಯಲ್ಲಿಯೇ ಮಾಡಿಸಿ ತರಬೇಕು. ಊರಿನ ಗಾಜಿನಂಗಡಿಯಲ್ಲಿ ವಜ್ರದ ಮೊನೆಯಿಂದ ಗೀರಿ ಕಣ್ಣೆದುರಿಗೇ ಕತ್ತರಿಸಿ ಕೊಟ್ಟ ಒಂಟಿ ಹಾಳೆ, ಬಿಲ್ಲಿನಲ್ಲಿ ಏನೇ ಬರೆದಿರಲಿ, ಟಫನ್ಡ್ ಅಲ್ಲ. ಅಸಲಿ ಗಾಜಿನ ಕೆಳಮೂಲೆಯಲ್ಲಿ ಉಗುರಿನಷ್ಟು ಅಗಲದ, ಕೆರೆದರೂ ಅಳಿಯದ ಮುದ್ರೆಯೊಂದಿರುತ್ತದೆ. ತಯಾರಕರ ಹೆಸರು, ಮಾನದಂಡದ ಸಂಖ್ಯೆ ಅದರಲ್ಲಿರುತ್ತವೆ. ಅಂಗಡಿಯ ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿಯುವವರು ಅಳವಡಿಸುವ ದಿನ ಆ ಮೂಲೆಯನ್ನು ಬಗ್ಗಿ ನೋಡುವುದಕ್ಕೆ ಖರ್ಚೇನೂ ಇಲ್ಲ. ರಾತ್ರಿಗೆಂದು ಗಾಜಿನ ಮುಂದೆ ಷಟರ್ ಬೇಕೇ ಬೇಕು ಎನ್ನುವವರಿಗೆ ತಗಡಿನ ಬದಲು ಕಬ್ಬಿಣದ ಜಾಲರಿಯ ಷಟರ್ ಸಿಗುತ್ತದೆ. ಒಳಗೆ ಒಂದು ದೀಪ ಉರಿಯುತ್ತಿದ್ದರೆ, ಮೊದಲ ಬಸ್ಸಿಗೆ ಹೊರಟವರಿಗೆ, ಹಾಲಿನವರಿಗೆ, ಬೀಟಿನ ಪೊಲೀಸರಿಗೆ ರಸ್ತೆಯಿಂದಲೇ ಅಂಗಡಿಯ ಒಳಗು ಕಾಣುತ್ತದೆ.