ಅಪಾಯಕಾರಿ ಹೃದಯ ಲಯದೋಷಕ್ಕೆ ನೀಡಲಾಗುವ ಮಾತ್ರೆಗಳು: ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ನಾಗರಿಕರಿಗೆ ಮಾಹಿತಿ

ಹೃದಯದ ಕೆಳಕೋಣೆಗಳಲ್ಲಿ ಹುಟ್ಟುವ ಅತಿವೇಗದ ಬಡಿತವನ್ನು ವೈದ್ಯರು ಚೀಟಿಯಲ್ಲಿ ವಿ.ಟಿ. ಎಂದು ನಮೂದಿಸುತ್ತಾರೆ. ಹಿಂದೆ ಹೃದಯಾಘಾತವಾಗಿ ಸ್ನಾಯುವಿನಲ್ಲಿ ಕಲೆ ಉಳಿದಿರುವವರಲ್ಲಿ ಮತ್ತು ಹೃದಯದ ಸ್ನಾಯು ದುರ್ಬಲಗೊಂಡವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಈ ಬಡಿತವು ಹದತಪ್ಪಿ ಕಂಪನವಾಗಿ ಮಾರ್ಪಟ್ಟಲ್ಲಿ ಕೆಲವೇ ನಿಮಿಷಗಳಲ್ಲಿ ಮರಣ ಸಂಭವಿಸಬಹುದು. ಎದೆ ಡವಗುಟ್ಟುವ ಎಲ್ಲ ತೊಂದರೆಗಳೂ ಈ ವರ್ಗಕ್ಕೆ ಸೇರುವುದಿಲ್ಲ. ತೊಂದರೆಯಾದ ಸಮಯದಲ್ಲಿ ತೆಗೆದ ಇ.ಸಿ.ಜಿ. ಪ್ರತಿಯೇ ಮುಖ್ಯ ಆಧಾರವಾಗಿರುವುದರಿಂದ ಅದನ್ನು ಜೋಪಾನವಾಗಿ ಕಾಯ್ದಿರಿಸತಕ್ಕದ್ದು.

ಮಾತ್ರೆಯಿಂದ ಆಗುವುದು, ಆಗದಿರುವುದು

ಮಾತ್ರೆ ಸೇವಿಸುತ್ತಿದ್ದರೆ ಜೀವಕ್ಕೆ ಅಪಾಯವಿಲ್ಲವೆಂಬ ಭಾವನೆ ಸರಿಯಲ್ಲ. ದುರ್ಬಲ ಹೃದಯವುಳ್ಳ 2,521 ರೋಗಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮಿಯೊಡರೋನ್ ಪಡೆದವರು ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಎದೆಯಲ್ಲಿ ಅಳವಡಿಸುವ ಐ.ಸಿ.ಡಿ. ಎಂಬ ಸಾಧನವನ್ನು ಪಡೆದವರಲ್ಲಿ ಮಾತ್ರ ಮರಣದ ಸಂಭವ ಶೇ. 23ರಷ್ಟು ಕಡಿಮೆಯಾಯಿತು. ಈ ಸಾಧನವು ಅಪಾಯಕಾರಿ ಬಡಿತವನ್ನು ಗುರುತಿಸಿ ವಿದ್ಯುತ್ ಆಘಾತದಿಂದ ಸರಿಪಡಿಸುತ್ತದೆ. ಆಘಾತಗಳು ಪದೇ ಪದೇ ಬಾರದಂತೆ ತಡೆಯುವುದು, ಹಾಗೂ ಸಾಧನ ಅಳವಡಿಸಲಾಗದವರಲ್ಲಿ ಬಡಿತವನ್ನು ಹತೋಟಿಯಲ್ಲಿಡುವುದು ಮಾತ್ರೆಗಳ ಕೆಲಸ.

ಮೊದಲು ಕೊಡುವುದು ಬೀಟಾ ಬ್ಲಾಕರ್ ವರ್ಗದ ಔಷಧ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಈ ವರ್ಗದವು. ಇವು ಲಯವನ್ನು ತಡೆಯುವುದರಲ್ಲಿ ಅಷ್ಟು ಬಲವಾದವುಗಳಲ್ಲ. ಆದರೆ ದುರ್ಬಲ ಹೃದಯದವರಲ್ಲಿ ಆಯುಸ್ಸನ್ನು ಹೆಚ್ಚಿಸುವುದು ರುಜುವಾತಾಗಿದೆ. ಇವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ.

ಅಮಿಯೊಡರೋನ್ ಮತ್ತು ಸೊಟಲಾಲ್

ಐ.ಸಿ.ಡಿ. ಹೊಂದಿದ್ದ 412 ರೋಗಿಗಳಲ್ಲಿ ಈ ಔಷಧಗಳನ್ನು ನೇರವಾಗಿ ಹೋಲಿಸಿದ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಸಾಧನದ ಆಘಾತಕ್ಕೆ ಒಳಗಾದವರು ಬೀಟಾ ಬ್ಲಾಕರ್ ಮಾತ್ರ ಪಡೆದವರಲ್ಲಿ ಶೇ. 38.5, ಸೊಟಲಾಲ್ ಪಡೆದವರಲ್ಲಿ ಶೇ. 24.3, ಅಮಿಯೊಡರೋನ್ ಜೊತೆಗೆ ಬೀಟಾ ಬ್ಲಾಕರ್ ಪಡೆದವರಲ್ಲಿ ಶೇ. 10.3. ಆದರೆ ಅಮಿಯೊಡರೋನ್ ಪಡೆದವರ ಪೈಕಿ ಶೇ. 18.2ರಷ್ಟು, ಸೊಟಲಾಲ್ ಪಡೆದವರ ಪೈಕಿ ಶೇ. 23.5ರಷ್ಟು ಜನ ವರ್ಷದೊಳಗೇ ಔಷಧವನ್ನು ಬಿಡಬೇಕಾಯಿತು.

ಅಮಿಯೊಡರೋನ್ ಅತ್ಯಂತ ಬಲವಾದದ್ದು. ಅಷ್ಟೇ ಎಚ್ಚರಿಕೆಯನ್ನೂ ಬೇಡುತ್ತದೆ. 200 ಮಿ.ಗ್ರಾಂ. ಮಾತ್ರೆಯೊಂದರಲ್ಲಿ ಸುಮಾರು 75 ಮಿ.ಗ್ರಾಂ. ಅಯೋಡಿನ್ ಇರುವುದರಿಂದ ಥೈರಾಯ್ಡ್ ಗ್ರಂಥಿ ಏರುಪೇರಾಗಬಹುದು. ಯಕೃತ್ತು ಮತ್ತು ಶ್ವಾಸಕೋಶಕ್ಕೂ ಹಾನಿಯಾಗಬಹುದು. ಆದ್ದರಿಂದ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಹಾಗೂ ಯಕೃತ್ತಿನ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಮಾಡಿಸುವುದು ರೂಢಿ. ಒಣಕೆಮ್ಮು, ಏದುಸಿರು ಹೊಸದಾಗಿ ಕಾಣಿಸಿದರೆ ಮುಂದಿನ ತಪಾಸಣೆಯವರೆಗೆ ಕಾಯಬಾರದು. ಈ ಮಾತ್ರೆಯಿಂದ ಚರ್ಮವು ಬಿಸಿಲಿಗೆ ಸುಡುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಹಾಗೂ ಸಿರುಗುಪ್ಪ, ಕುರುಗೋಡು ಭಾಗದ ಗದ್ದೆಗಳಲ್ಲಿ ಹಗಲಿಡೀ ದುಡಿಯುವವರಿಗೆ ಇದು ಸಣ್ಣ ವಿಷಯವಲ್ಲ. ತುಂಬುತೋಳಿನ ಅಂಗಿ ಮತ್ತು ತಲೆಗೆ ಟವೆಲ್ ಅವಶ್ಯ.

ಮೊದಲ ವಾರಗಳಲ್ಲಿ ಅಮಿಯೊಡರೋನ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನಂತರ ಇಳಿಸಲಾಗುತ್ತದೆ. ಬೆಂಗಳೂರಿನಲ್ಲಿ ಬರೆದುಕೊಟ್ಟ ಮೊದಲ ಚೀಟಿಯನ್ನೇ ಊರಿನ ಅಂಗಡಿಯಲ್ಲಿ ತೋರಿಸಿ ತಿಂಗಳುಗಟ್ಟಲೆ ಮಾತ್ರೆ ಕೊಳ್ಳುವುದು ಈ ಕಾರಣದಿಂದ ಹಾನಿಕರ. ರಕ್ತ ತೆಳುವಾಗಿಸುವ ವಾರ್ಫರಿನ್ ಮತ್ತು ಡಿಗಾಕ್ಸಿನ್ ಸೇವಿಸುತ್ತಿರುವವರು ವೈದ್ಯರಿಗೆ ತಪ್ಪದೆ ತಿಳಿಸಬೇಕು; ಅವುಗಳ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ಸೊಟಲಾಲ್ ಶ್ವಾಸಕೋಶ, ಥೈರಾಯ್ಡ್‌ಗಳಿಗೆ ಅಂತಹ ಹಾನಿ ಮಾಡುವುದಿಲ್ಲ. ಅದರ ಅಪಾಯ ಬೇರೆ: ಔಷಧವೇ ಹೊಸದೊಂದು ಮಾರಕ ಲಯದೋಷವನ್ನು ಹುಟ್ಟಿಸಬಹುದು. ಅದಕ್ಕಾಗಿ ಕನಿಷ್ಠ ಮೂರು ದಿನ ಆಸ್ಪತ್ರೆಯಲ್ಲಿದ್ದು ಇ.ಸಿ.ಜಿ. ನಿಗಾದಲ್ಲಿ ಪ್ರಾರಂಭಿಸುವುದು ಸೂಕ್ತ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಆಸ್ತಮಾ ಇರುವವರಿಗೆ ಇದು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಾಂತಿಭೇದಿಯಾದಾಗ ರಕ್ತದ ಪೊಟ್ಯಾಸಿಯಂ ಕುಸಿದು ಅಪಾಯ ಹೆಚ್ಚುವುದರಿಂದ ಅದೇ ದಿನ ಆಸ್ಪತ್ರೆಗೆ ತೆರಳಬೇಕು.

ಇತರ ಔಷಧಗಳು

ಅಮಿಯೊಡರೋನ್ ಒಂದೇ ಸಾಲದಾದಾಗ ಮೆಕ್ಸಿಲೆಟಿನ್ ಸೇರಿಸುವುದುಂಟು. ಹೊಟ್ಟೆ ತೊಳಸುವಿಕೆ, ಕೈನಡುಕ ಸಾಮಾನ್ಯ, ಊಟದೊಂದಿಗೆ ಸೇವಿಸಬೇಕು. ಫ್ಲೆಕೈನೈಡ್ ಹೃದಯಾಘಾತವಾದವರಿಗೆ ಸಲ್ಲದು. 1991ರ ಕಾಸ್ಟ್ ಅಧ್ಯಯನದ ಅಂತಿಮ ವರದಿಯಂತೆ ಫ್ಲೆಕೈನೈಡ್ ಅಥವಾ ಎನ್ಕೈನೈಡ್ ಪಡೆದ 755 ಜನರಲ್ಲಿ 63 ಮಂದಿ ಮರಣಿಸಿದರೆ, ಹುಸಿಮಾತ್ರೆ ಪಡೆದ 743 ಜನರಲ್ಲಿ 26 ಮಂದಿ ಮರಣಿಸಿದರು. ಅನ್ಯರ ಮಾತ್ರೆಯನ್ನು ಲಕ್ಷಣ ಒಂದೇ ಎಂಬ ಕಾರಣಕ್ಕೆ ಸೇವಿಸಬಾರದೆನ್ನಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಸೇವೆಗಳನ್ನು ಪಡೆಯುವ ಬಗ್ಗೆ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂ.ವರೆಗೆ ನೆರವು ನಿಗದಿಯಾಗಿದೆ. ಆಧಾರ್ ಮತ್ತು ಪಡಿತರ ಚೀಟಿ ಹಾಜರುಪಡಿಸಬೇಕು. ಈ ನೆರವು ಒಳರೋಗಿ ಚಿಕಿತ್ಸೆಗೆ ಅನ್ವಯಿಸುತ್ತದೆಯೇ ಹೊರತು ವರ್ಷಾನುಗಟ್ಟಲೆ ಕೊಳ್ಳುವ ಮಾತ್ರೆಗಳಿಗಲ್ಲ ಎಂಬುದನ್ನು ಅರ್ಜಿದಾರರು ಮೊದಲೇ ತಿಳಿದಿರುವುದು ಒಳಿತು. ಐ.ಸಿ.ಡಿ. ಅಳವಡಿಕೆಗೆ ಮಂಜೂರಾತಿ ದೊರೆಯುವುದೇ ಎಂಬುದನ್ನು ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು.

ಸಿರುಗುಪ್ಪ ಮತ್ತು ಕುರುಗೋಡಿನವರು ಮೊದಲು ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಶಿಫಾರಸು ಪತ್ರದೊಂದಿಗೆ ವಿಮ್ಸ್ ಎಂದೇ ಪರಿಚಿತವಾದ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರಕ್ಕೆ ತೆರಳುವುದು ಅನುಕೂಲಕರ. ಉನ್ನತ ಹೃದ್ರೋಗ ಚಿಕಿತ್ಸೆಗೆ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರು, ಮೈಸೂರು ಹಾಗೂ ಕಲಬುರಗಿಯಲ್ಲಿವೆ. ಪ್ರಜ್ಞೆ ತಪ್ಪಿದಲ್ಲಿ ಅಥವಾ ಐ.ಸಿ.ಡಿ. ಮೇಲಿಂದ ಮೇಲೆ ಆಘಾತ ನೀಡಿದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು.

ಅಮಿಯೊಡರೋನ್ ನಿಲ್ಲಿಸಿದ ನಂತರವೂ ತಿಂಗಳುಗಟ್ಟಲೆ ಶರೀರದಲ್ಲಿ ಉಳಿಯುತ್ತದೆ. ಆದಕಾರಣ ಹೊಸ ವೈದ್ಯರನ್ನು ಕಾಣುವಾಗ ಬಿಟ್ಟುಹೋದ ಮಾತ್ರೆಯ ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯತಕ್ಕದ್ದು.