ಸಾಯುತ್ತಿರುವ ಊರಿಗೆ ಟಿಕೆಟ್ಟು

ಪಕ್ಕದೂರಿನವರೇ ಒಬ್ಬರು ನಿಮ್ಮೂರನ್ನು "ಸಾಯುತ್ತಿರುವ ಊರು" ಅಂತ ಕರೆದರೆ ಹೇಗಿರುತ್ತೆ? ಇಟಲಿಯ ಚಿವಿತಾ ಅನ್ನೋ ಪುಟ್ಟ ಹಳ್ಳಿಗೆ ಆಗಿದ್ದು ಅದೇ. ಹೆಸರಿಟ್ಟವರು ಪಕ್ಕದ ಬಾನ್ಯೊರೆಜೊದಲ್ಲಿ ಹುಟ್ಟಿದ ಲೇಖಕ ಬೊನವೆಂತೂರಾ ತೆಕ್ಕಿ (1896-1968). ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಈಗ ಪ್ರವಾಸಿಗರನ್ನು ಕರೆತರುತ್ತಿರುವುದೇ ಅದು!

ರೋಮಿನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ಹೋದರೆ ಚಿವಿತಾ ಸಿಗುತ್ತೆ. ಸುತ್ತ ಆಳವಾದ ಕಣಿವೆ, ನಡುವೆ ಒಂಟಿ ಬಂಡೆ, ಬಂಡೆಯ ತಲೆ ಮೇಲೆ ಊರು. ಕಾರು, ಬಸ್ಸು ಹೋಗಲ್ಲ. 1965ರಲ್ಲಿ ಕಟ್ಟಿದ ಕಾಂಕ್ರೀಟಿನ ಕಾಲುಸೇತುವೆಯ ಮೇಲೆ ನಡೆದೇ ಹೋಗಬೇಕು. ಸುಮಾರು 300 ಮೀಟರ್ ಅಷ್ಟೇ, ಆದರೆ ಕೊನೆಯ ಏರು ದಿನವಿಡೀ ಕುರ್ಚಿಯಲ್ಲಿ ಕೂತು ಕೋಡ್ ಬರೆಯುವ ನನ್ನಂಥವರಿಗೆ ಚೆನ್ನಾಗಿಯೇ ಏದುಸಿರು ತರಿಸುತ್ತೆ :)

ಸುಮಾರು 2500 ವರ್ಷಗಳ ಹಿಂದೆ ಇಲ್ಲಿ ಊರು ಕಟ್ಟಿದವರು ಎಟ್ರಸ್ಕನ್ನರು, ಅಂದರೆ ರೋಮನ್ನರು ಬಲಿಯುವ ಮೊದಲೇ ಈ ಸೀಮೆಯನ್ನು ಆಳುತ್ತಿದ್ದವರು. ಈ ಬಂಡೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಟಫ್ ಕಲ್ಲು. ಸುಲಭವಾಗಿ ಕೊರೆಯಬಹುದು. ಹಾಗಾಗಿ ಅವರು ಬಂಡೆಯಲ್ಲೇ ದಾರಿ ಕಡಿದರು, ಗುಹೆ ತೋಡಿದರು. ಎತ್ತರದಲ್ಲಿದ್ದದ್ದರಿಂದ ಶತ್ರುಗಳ ಭಯವೂ ಕಡಿಮೆ. ಒಟ್ಟಿನಲ್ಲಿ ಜಾಗದ ಆಯ್ಕೆ ಸರಿಯಾಗೇ ಇತ್ತು.

ತೊಂದರೆ ಇರೋದು ಬಂಡೆಯಲ್ಲಲ್ಲ, ಅದರ ಕೆಳಗೆ. ಟಫ್‌ನ ಅಡಿಯಲ್ಲಿರುವುದು ಹಿಂದೊಮ್ಮೆ ಸಮುದ್ರದ ತಳವಾಗಿದ್ದ ಜೇಡಿಮಣ್ಣು. ಮಳೆ ಬಿದ್ದಾಗಲೆಲ್ಲ ಅದು ಕರಗಿ ಜಾರುತ್ತೆ. ಎರಡೂ ಬದಿಯ ತೊರೆಗಳು ಅದನ್ನು ಕೊರೆಯುತ್ತಲೇ ಇರುತ್ತವೆ. ಬುಡ ಸವೆದ ಮೇಲೆ ಮೇಲಿನ ಬಂಡೆ ಸೀಳು ಬಿಟ್ಟು ದೊಡ್ಡ ದೊಡ್ಡ ಹೆಂಟೆಗಳಾಗಿ ಉದುರುತ್ತೆ, ಜೊತೆಗೆ ಮೇಲಿದ್ದ ಮನೆಯೂ! ಸೇತುವೆಯಿಂದ ನೋಡಿದರೆ ಸುತ್ತಲೂ ಕತ್ತಿಯಲಗಿನಂಥ ಬೋಳು ಮಣ್ಣಿನ ದಿಬ್ಬಗಳು. ಅವನ್ನು 'ಕಲಾಂಕಿ' ಅಂತಾರೆ. ನೋಡೋಕೆ ಬಲು ಚಂದ, ಆದರೆ ಊರನ್ನು ತಿನ್ನುತ್ತಿರುವ ಸವೆತದ ಗುರುತೂ ಅವೇ.

1695ರ ಜೂನ್‌ನಲ್ಲಿ ದೊಡ್ಡ ಭೂಕಂಪವಾಯಿತು. ಬಿಷಪ್ಪರ ಪೀಠ, ಊರಿನ ಆಡಳಿತ ಎರಡೂ ಈಗಿನ ಬಾನ್ಯೊರೆಜೊಗೆ ಎದ್ದು ಹೋದವು. ನನ್ನ ಪ್ರಕಾರ ಚಿವಿತಾಗೆ ದೊಡ್ಡ ಪೆಟ್ಟು ಬಿದ್ದಿದ್ದು ಇಲ್ಲಿ. ಬಿದ್ದ ಗೋಡೆ ಮತ್ತೆ ಕಟ್ಟಬಹುದು. ಆದರೆ ಕಚೇರಿ ಹೋಯಿತು ಅಂದರೆ ಅದರ ಹಿಂದೆ ಕೆಲಸ, ವ್ಯಾಪಾರ, ಕೊನೆಗೆ ಜನ ಎಲ್ಲ ಹೋಗುತ್ತೆ. ಹದಿಮೂರನೇ ಶತಮಾನದ ಸಂತ ಬೊನವೆಂತೂರಾ ಬೆಳೆದದ್ದು ಇದೇ ಊರಲ್ಲಿ. ಆತನ ಮನೆ ಯಾವತ್ತೋ ಕಣಿವೆಗೆ ಬಿತ್ತು. ಹೆಬ್ಬಾಗಿಲು ದಾಟಿದ ಕೂಡಲೇ ಒಂದು ಅರಮನೆಯ ಮುಂಗೋಡೆ ಮಾತ್ರ ನಿಂತಿದೆ. ಕಿಟಕಿಯಲ್ಲಿ ಇಣುಕಿದರೆ ಕೋಣೆ ಇಲ್ಲ, ಆಕಾಶ!

ಈಗ ಕಾಯಂ ವಾಸ ಇರುವವರು ಹತ್ತು-ಹನ್ನೆರಡು ಜನ. 2013ರಲ್ಲಿ ಸೇತುವೆ ದಾಟಲು ಟಿಕೆಟ್ ಇಟ್ಟರು, ಆಗ ಒಂದೂವರೆ ಯೂರೋ. ಜನ ಬರೋದು ಕಮ್ಮಿಯಾಗುತ್ತೆ ಅಂದುಕೊಳ್ಳುತ್ತೀರಿ ಅಲ್ವಾ? ಆಗಿದ್ದು ಉಲ್ಟಾ. 2010ರ ಸುಮಾರಿಗೆ ವರ್ಷಕ್ಕೆ ನಲವತ್ತು ಸಾವಿರದಷ್ಟಿದ್ದ ಪ್ರವಾಸಿಗರು 2017ರ ಹೊತ್ತಿಗೆ ಎಂಟು ಲಕ್ಷ ಮುಟ್ಟಿದ್ದರು. ಆ ದುಡ್ಡಿನಿಂದ ಬಾನ್ಯೊರೆಜೊದವರಿಗೆ ಸ್ಥಳೀಯ ತೆರಿಗೆಯನ್ನೇ ಮಾಫಿ ಮಾಡಿದರು. ಬಂಡೆಯೊಳಗೆ ಉಕ್ಕಿನ ಸರಳು ಹೂಡಿ ಹಿಡಿದು ನಿಲ್ಲಿಸುವ ಕೆಲಸ ನಡೆದಿದೆ. ಯಾಕೆ ಕುಸಿಯುತ್ತಿದೆ ಅಂತ ವಿವರಿಸೋಕೆ ಊರೊಳಗೇ ಒಂದು ಮ್ಯೂಸಿಯಂ ಇದೆ.

ಒಂದು ಕಾಲಕ್ಕೆ ಜನರಿಲ್ಲದೆ ಸೊರಗಿದ ಊರು, ಈಗ ಜನ ಜಾಸ್ತಿಯಾಗಿ ಕಷ್ಟಪಡುತ್ತಿದೆ. ಮಧ್ಯಾಹ್ನ ಚೌಕದಲ್ಲಿ ಕಾಲಿಡಲು ಜಾಗ ಇರಲ್ಲ. ಸಂಜೆ ಎಲ್ಲರೂ ಸೇತುವೆ ಇಳಿದ ಮೇಲೆ ಉಳಿಯೋದು ಆ ಕೆಲವೇ ಮಂದಿ, ಮತ್ತೆ ಬೆಕ್ಕುಗಳು. ಟಿಕೆಟ್ ದುಡ್ಡಿನಿಂದ ಕಲ್ಲೇನೋ ಉಳಿದೀತು. ಆದರೆ ಅಲ್ಲಿ ಹಪ್ಪಳ-ಸಂಡಿಗೆ ಥರದ್ದೇನಾದರೂ ಒಣಗಿಸುವವರು, ಪಕ್ಕದ ಮನೆಯವರ ಜೊತೆ ಜಗಳ ಆಡುವವರು ಬೇಡವಾ? ಪ್ರತಿ ವರ್ಷ ಜೂನ್, ಸೆಪ್ಟೆಂಬರಿನಲ್ಲಿ ಅದೇ ಚೌಕದಲ್ಲಿ 'ತೊನ್ನಾ' ಅನ್ನೋ ಕತ್ತೆ ಓಟ ನಡೆಯುತ್ತೆ. ಊರು ಬಿಟ್ಟು ಹೋದವರೂ ಬರುತ್ತಾರಂತೆ. ಆವತ್ತು ಒಂದು ದಿನವಾದರೂ ಅದು ನಿಜವಾಗಿ ಊರಾಗುತ್ತೆ ಅನ್ನೋದು ನನ್ನ ಅನಿಸಿಕೆ.

ನೀವೇನಂತೀರಿ?