ಪಿರಮಿಡ್‌ಗಳ ಮುಂದೆ ಒಂದು ದಿನ: ನಾವು ತಿದ್ದಿಕೊಂಡ ಪಾಠ

ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದ ಜನಾಂಗಗಳ ಅಂತ್ಯವನ್ನು ಕಂಡು ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಹಲವು ಅಧ್ಯಾಯಗಳಲ್ಲಿ ಮಾನವನನ್ನು ಎಚ್ಚರಿಸುತ್ತದೆ. ಈ ಕರೆಯನ್ನು ನಾವು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇವೆ. ಆದರೆ ವಿವರಿಸುವುದು ಬೇರೆ, ಹೋಗಿ ನೋಡುವುದು ಬೇರೆ. ಉಮ್ರಾ ನಿರ್ವಹಿಸಿ ಮರಳುವ ದಾರಿಯಲ್ಲಿ ಕೈರೋದಲ್ಲಿ ಕೆಲವು ದಿನ ತಂಗುವ ಅವಕಾಶ ಒದಗಿದಾಗ, ನಮ್ಮ ತಂಡವು ಒಂದು ದಿನವನ್ನು ಗೀಝಾ, ಮಿತ್ ರಹೀನಾ ಮತ್ತು ಸಕ್ಕಾರಾಗಳ ದರ್ಶನಕ್ಕೆ ಮೀಸಲಿಟ್ಟಿತು. ಹೊರಡುವಾಗ ನಮ್ಮ ಮನಸ್ಸಿನಲ್ಲಿದ್ದ ಚಿತ್ರ ಒಂದೇ: ಫಿರ್‌ಔನ್, ಅವನ ಚಾಟಿಯೇಟಿನ ಕೆಳಗೆ ಬಂಡೆ ಎಳೆಯುವ ಬನೂ ಇಸ್ರಾಈಲರು, ಅವರ ಬೆವರು ನೆತ್ತರಿನಿಂದ ಎದ್ದುನಿಂತ ಪಿರಮಿಡ್. ವರ್ಷಗಟ್ಟಲೆ ನಾವು ಮಕ್ಕಳಿಗೆ ಹೇಳಿಕೊಟ್ಟದ್ದೂ ಇದನ್ನೇ. ಆ ದಿನ ಮುಗಿಯುವ ಹೊತ್ತಿಗೆ ನಮ್ಮ ಪಾಠವನ್ನು ನಾವೇ ತಿದ್ದಿಕೊಳ್ಳಬೇಕಾಗಿ ಬಂತು. ಅದನ್ನು ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹೊರಡುವ ಮುನ್ನವೇ ತಂಡದ ಹಿರಿಯರೊಬ್ಬರು ಒಂದು ಸಂದೇಹ ಮುಂದಿಟ್ಟರು. "ಅಲ್ಲಾಹನ ಶಿಕ್ಷೆಗೆ ಒಳಗಾದವರ ಊರಿಗೆ ಹೋಗುವುದು ಸರಿಯೇ, ಉಸ್ತಾದ್? ಸಮೂದ್ ಜನಾಂಗದ ನೆಲೆಯನ್ನು ಹಾದುಹೋಗುವಾಗ ಪ್ರವಾದಿವರ್ಯರು(ಸ) ಸಹಾಬಿಗಳನ್ನು ಎಚ್ಚರಿಸಿದ್ದರಲ್ಲವೇ?" ಪ್ರಶ್ನೆ ತೂಕದ್ದೇ ಆಗಿತ್ತು. ಆ ಎಚ್ಚರಿಕೆ ಶಿಕ್ಷೆ ಎರಗಿದ ಹಿಜ್ರ್ ಪ್ರದೇಶಕ್ಕೆ ಸಂಬಂಧಿಸಿದ್ದು, ಅಲ್ಲಿಯೂ ಅಳುತ್ತಾ, ಭಯಭಕ್ತಿಯಿಂದ ಸಾಗಲು ಅನುಮತಿಯಿತ್ತು, ಫಿರ್‌ಔನ್ ಮುಳುಗಿದ್ದು ಸಮುದ್ರದಲ್ಲಿ ಎಂದು ನಾವು ವಿವರಿಸಿದೆವು. ಇನ್ನೊಂದು ಮಾತನ್ನೂ ಸೇರಿಸಿದೆವು. ಕ್ರಿ.ಶ. 641ರಲ್ಲಿ ಹಝ್ರತ್ ಅಮ್ರ್ ಬಿನ್ ಆಸ್(ರ) ನೇತೃತ್ವದಲ್ಲಿ ಮುಸ್ಲಿಮರು ಇಲ್ಲಿ ಫುಸ್ತಾತ್ ನಗರವನ್ನು ಕಟ್ಟಿದರು. ನೈಲ್ ನದಿಯ ಆಚೆ ದಡದ ಗೀಝಾದಲ್ಲಿಯೂ ಅರಬ್ ಗೋತ್ರಗಳು ನೆಲೆಸಿದವು. ಪಿರಮಿಡ್‌ಗಳು ಕಣ್ಣಳತೆಯಲ್ಲಿದ್ದರೂ ಆ ತಲೆಮಾರು ಅವುಗಳನ್ನು ಕೆಡವಲು ಹೊರಡಲಿಲ್ಲ. ಹಿರಿಯರು ತಲೆಯಾಡಿಸಿ ವಾಹನ ಹತ್ತಿದರು.

ಗೀಝಾದ ಬೆಳಗು

ನಮ್ಮ ಮಾರ್ಗದರ್ಶಿ ಪ್ರವಾಸೋದ್ಯಮ ಓದಿದ ಈಜಿಪ್ಟಿನ ಯುವಕ. ನಾವು ಗ್ರಂಥಸ್ಥ ಅರಬಿಯಲ್ಲಿ "ಜೀಝಾ" ಎಂದರೆ ಆತ ಕೈರೋದ ಆಡುಮಾತಿನಲ್ಲಿ "ಗೀಝಾ" ಎಂದು ನಗುತ್ತಿದ್ದ. ಒಂಟೆಯವರ, ಕುದುರೆಗಾಡಿಯವರ ಕೂಗಾಟವನ್ನು ದಾಟಿ ಮಹಾಪಿರಮಿಡ್ಡಿನ ಬುಡದಲ್ಲಿ ನಿಂತಾಗ ಮಾತ್ರ ಎಲ್ಲರ ಮಾತೂ ನಿಂತುಹೋಯಿತು. ಚಿತ್ರಗಳಲ್ಲಿ ಮೆಟ್ಟಿಲಿನಂತೆ ಕಾಣುವ ಒಂದೊಂದು ಕಲ್ಲು ನಮ್ಮ ಎದೆಯೆತ್ತರಕ್ಕೆ ಬರುತ್ತಿತ್ತು.

ಖೂಫೂ ಎಂಬ ಅರಸನಿಗಾಗಿ ಕ್ರಿ.ಪೂ. 2560ರ ಆಸುಪಾಸಿನಲ್ಲಿ ಕಟ್ಟಲಾದ ಇದರ ಮೂಲ ಎತ್ತರ ಸುಮಾರು 146 ಮೀಟರ್, ಬುಡದ ಒಂದೊಂದು ಬದಿಯ ಉದ್ದ ಸುಮಾರು 230 ಮೀಟರ್. ಇದರಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆಯೆಂದು ಅಂದಾಜು. ಮೂರೂವರೆ ಸಾವಿರಕ್ಕೂ ಹೆಚ್ಚು ವರ್ಷ ಮಾನವ ನಿರ್ಮಿಸಿದ ಅತ್ಯಂತ ಎತ್ತರದ ಕಟ್ಟಡ ಇದೇ ಆಗಿತ್ತು. ಒಳಕೋಣೆಯ ಗ್ರಾನೈಟ್ ಬಂಡೆಗಳು ಸುಮಾರು 800 ಕಿಲೋಮೀಟರ್ ದೂರದ ಅಸ್ವಾನಿನಿಂದ ನೈಲ್ ನದಿಯ ಮೇಲೆ ತೇಲಿ ಬಂದವು.

ಇಂದಿನ ಪ್ರವಾಸಿಗರು ಒಳಗೆ ಹೋಗುವುದು ಖಲೀಫಾ ಮಅ್‌ಮೂನ್ ಕೊರೆಸಿದನೆಂದು ಪರಂಪರೆ ಹೇಳುವ ಸುರಂಗದಿಂದ. ಬಗ್ಗಿಕೊಂಡು, ಬೆವರುತ್ತಾ, ಇಕ್ಕಟ್ಟಾದ ಏರುದಾರಿಯಲ್ಲಿ ಸಾಗಿ ಮೇಲಿನ ಕೋಣೆ ತಲುಪಿದರೆ ಅಲ್ಲಿರುವುದು ಮುಚ್ಚಳವಿಲ್ಲದ ಒಂದು ಗ್ರಾನೈಟ್ ಪೆಟ್ಟಿಗೆ ಮಾತ್ರ. ಅದು ಬರಿದು. ಇಷ್ಟೆಲ್ಲ ಕಟ್ಟಿದ್ದು ಒಂದು ದೇಹವನ್ನು ಕಾಪಾಡಲಿಕ್ಕೆ. ಆ ದೇಹ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಇಡೀ ರೂಪದಲ್ಲಿ ಉಳಿದ, ಖೂಫೂನದ್ದೆಂದು ಹೆಸರು ಸಮೇತ ಗುರುತಿಸಲಾದ ಪ್ರತಿಮೆ ದಂತದ ಒಂದು ಪುಟ್ಟ ಬೊಂಬೆ. ಎತ್ತರ ಸುಮಾರು ಏಳೂವರೆ ಸೆಂಟಿಮೀಟರ್. ಮಾರ್ಗದರ್ಶಿ ತನ್ನ ಬೆರಳನ್ನು ತೋರಿಸಿ, "ಇಷ್ಟೇ, ಯಾ ಶೇಖ್" ಎಂದ.

ಕಟ್ಟಿದವರು ಯಾರು?

ಹೊರಗೆ ಬಂದ ಮೇಲೆ ನಾವು ಸಹಪ್ರಯಾಣಿಕರಿಗೆ ಫಿರ್‌ಔನನ ದಬ್ಬಾಳಿಕೆಯ ಬಗ್ಗೆ ಕೆಲವು ಮಾತು ಹೇಳತೊಡಗಿದೆವು. ಮಾರ್ಗದರ್ಶಿ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿದ. ಆ ಮೇಲೆ ವಿನಯದಿಂದ, "ಯಾ ಶೇಖ್, ಸಯ್ಯಿದುನಾ ಮೂಸಾ(ಅ) ಬರುವಾಗ ಈ ಪಿರಮಿಡ್‌ಗೆ ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸಾಗಿತ್ತು" ಎಂದ. ಮುಖಕ್ಕೆ ತಣ್ಣೀರು ಎರಚಿದಂತಾಯಿತು.

ಆತ ಹೇಳಿದ್ದು ಸರಿಯಾಗಿಯೇ ಇತ್ತು. ಪ್ರವಾದಿ ಮೂಸಾ(ಅ)ರವರ ಕಾಲವನ್ನು ಗುರುತಿಸಲು ಯತ್ನಿಸಿದವರಲ್ಲಿ ಹೆಚ್ಚಿನವರು ಅದನ್ನು ಈಜಿಪ್ಟಿನ ಹೊಸ ಸಾಮ್ರಾಜ್ಯದ ಅವಧಿಗೆ, ಅಂದರೆ ಕ್ರಿ.ಪೂ. ಸುಮಾರು 1550ರಿಂದ 1070ರ ನಡುವೆ ಇಡುತ್ತಾರೆ. ಆ ಕಾಲದ ಅರಸರಲ್ಲಿ ಬಹುತೇಕರು ದಕ್ಷಿಣದ ಲಕ್ಸರ್ ಬಳಿಯ ಕಣಿವೆಯಲ್ಲಿ ಬಂಡೆ ಕೊರೆದ ಸಮಾಧಿಗಳಲ್ಲಿ ಹೂಳಲ್ಪಟ್ಟರು. "ಫಿರ್‌ಔನ್" ಎಂಬ ಪದದ ಮೂಲಾರ್ಥ "ದೊಡ್ಡ ಮನೆ", ಅಂದರೆ ಅರಮನೆ. ಅದು ಅರಸನನ್ನೇ ಸೂಚಿಸುವ ಹೆಸರಾದದ್ದು ಹೊಸ ಸಾಮ್ರಾಜ್ಯದ ಕಾಲದಲ್ಲಿ. ಇಲ್ಲಿ ನಮಗೆ ಕುರ್‌ಆನಿನ ಒಂದು ಸೂಕ್ಷ್ಮ ನೆನಪಾಯಿತು: ಪ್ರವಾದಿ ಯೂಸುಫ್(ಅ)ರ ಕಾಲದ ಆಡಳಿತಗಾರನನ್ನು ಅದು "ಮಲಿಕ್", ರಾಜ ಎಂದು ಕರೆಯುತ್ತದೆ, ಮೂಸಾ(ಅ)ರ ಕಾಲದವನನ್ನು ಮಾತ್ರ ಫಿರ್‌ಔನ್ ಎನ್ನುತ್ತದೆ. ಮೂಸಾರ ದೇವನನ್ನು ನೋಡಲು ಎತ್ತರದ ಸೌಧ ಕಟ್ಟೆಂದು ಫಿರ್‌ಔನ್ ಹಾಮಾನನಿಗೆ ಆಜ್ಞಾಪಿಸುವ ಪ್ರಸಂಗದಲ್ಲಿಯೂ ಬರುವುದು ಮಣ್ಣನ್ನು ಸುಡುವ ಮಾತು. ಗೀಝಾದ ಈ ಮೂರು ಪಿರಮಿಡ್‌ಗಳೋ ಕಲ್ಲಿನವು. ಪಿರಮಿಡ್ ಕಟ್ಟಿದವನು ಮೂಸಾ(ಅ)ರ ಎದುರಾಳಿಯೆಂದು ಕುರ್‌ಆನ್ ಎಲ್ಲಿಯೂ ಹೇಳಿಲ್ಲ. ಹೇಳಿದ್ದು ನಾವು.

ಹಾಗಾದರೆ ಕಟ್ಟಿದವರು ಯಾರು? ಇದಕ್ಕೆ ಉತ್ತರ ಪಿರಮಿಡ್ಡಿನ ದಕ್ಷಿಣಕ್ಕೆ, ಮರಳಿನಡಿ ಮಲಗಿತ್ತು. 1990ರಲ್ಲಿ ಒಂದು ಕುದುರೆಯ ಕಾಲು ಹಳೆಯ ಮಣ್ಣಿಟ್ಟಿಗೆಯ ಗೋಡೆಗೆ ಎಡವಿತು. ಅಲ್ಲಿ ಅಗೆದಾಗ ದೊರೆತದ್ದು ಕಾರ್ಮಿಕರ ಮತ್ತು ಮೇಸ್ತ್ರಿಗಳ ಗೋರಿಗಳು. ಸಮೀಪದಲ್ಲಿಯೇ ಅವರ ವಸತಿ, ರೊಟ್ಟಿ ಸುಡುವ ಒಲೆಗಳು, ತಿಂದುಳಿದ ದನ ಕುರಿ ಆಡುಗಳ ಮೂಳೆರಾಶಿ ಪತ್ತೆಯಾದವು. ಅಸ್ಥಿಪಂಜರಗಳಲ್ಲಿ ಸವೆದ ಬೆನ್ನುಮೂಳೆಗಳಿದ್ದವು; ಮುರಿದು, ಸರಿಯಾಗಿ ಕೂಡಿಕೊಂಡ ಕೈಕಾಲುಗಳೂ ಇದ್ದವು. ಎಂದರೆ ದುಡಿಮೆ ಕಠಿಣವಾಗಿತ್ತು, ಗಾಯಗೊಂಡವನಿಗೆ ಆರೈಕೆಯೂ ಸಿಗುತ್ತಿತ್ತು. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್‌ಜರ್ಫ್‌ನಲ್ಲಿ ಇನ್ನೂ ದೊಡ್ಡ ಸಾಕ್ಷ್ಯ ದೊರೆಯಿತು: ಮೆರೆರ್ ಎಂಬ ಅಧಿಕಾರಿಯ ದಿನಚರಿ. ತನ್ನ ತಂಡ ತೂರಾ ಎಂಬಲ್ಲಿಂದ ಸುಣ್ಣದಕಲ್ಲನ್ನು ದೋಣಿಯಲ್ಲಿ ಗೀಝಾಕ್ಕೆ ಸಾಗಿಸಿದ್ದನ್ನು ಆತ ಪಪೈರಸ್ ಹಾಳೆಯ ಮೇಲೆ ದಿನದಿನವೂ ಬರೆದಿಟ್ಟಿದ್ದ. ಅವರನ್ನು ಸ್ವತಂತ್ರ ಕೂಲಿಗಳೆಂದು ಕರೆಯುವುದೂ ಕಷ್ಟ; ಅರಸನ ಕರೆಗೆ ಓಗೊಡದೆ ಉಳಿಯುವ ಆಯ್ಕೆ ರೈತನಿಗೆ ಇದ್ದಿರಲಾರದು. ಆದರೆ ಅವರು ಇದೇ ಮಣ್ಣಿನವರು. ಮಾರುಕಟ್ಟೆಯಲ್ಲಿ ಕೊಂಡ ಗುಲಾಮರಲ್ಲ.

ಬಗ್ದಾದಿನ ವಿದ್ವಾಂಸ ತೋರಿದ ದಾರಿ

ನಮಗೆ ಆಗ ನೆನಪಾದವರು ಅಬ್ದುಲ್ಲತೀಫ್ ಅಲ್‌ಬಗ್ದಾದಿ. 1162ರಲ್ಲಿ ಬಗ್ದಾದಿನಲ್ಲಿ ಜನಿಸಿದ ಈ ವೈದ್ಯ ವಿದ್ವಾಂಸರು ಸುಲ್ತಾನ್ ಸಲಾಹುದ್ದೀನರ ಮನೆತನದ ಆಶ್ರಯದಲ್ಲಿ ಕೈರೋದಲ್ಲಿದ್ದು, ಅಲ್‌ಅಝ್‌ಹರಿನಲ್ಲಿ ಪಾಠ ಹೇಳಿದವರು. ಈಜಿಪ್ಟಿನ ಬಗ್ಗೆ ಅವರು ಬರೆದ ಗ್ರಂಥದ ಹೆಸರಿನಲ್ಲಿಯೇ "ಇಅ್‌ತಿಬಾರ್" ಎಂಬ ಪದವಿದೆ. ಕಂಡುದರಿಂದ ಪಾಠ ಕಲಿಯುವುದು ಎಂದು ಅದರ ತಾತ್ಪರ್ಯ. 1200ರಿಂದ 1202ರವರೆಗೆ ಈಜಿಪ್ಟನ್ನು ಭೀಕರ ಕ್ಷಾಮ ಕಾಡಿ, ಅಸ್ಥಿಪಂಜರಗಳು ರಾಶಿಬಿದ್ದಾಗ ಅವರು ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರಿಶೀಲಿಸಿದರು. ಕೆಳದವಡೆ ಎರಡು ಮೂಳೆಗಳ ಜೋಡಣೆಯೆಂದು ಗ್ರೀಕ್ ವೈದ್ಯ ಗೇಲನ್ ಬರೆದಿದ್ದ. ಸಾವಿರ ವರ್ಷ ಜಗತ್ತು ಅದನ್ನೇ ಓದಿಕೊಂಡು ಬಂದಿತ್ತು. ಅಬ್ದುಲ್ಲತೀಫರು ಕಂಡದ್ದು ಒಂದೇ ಮೂಳೆ. ಗುರುವಿನ ಮಾತಿಗಿಂತ ಕಣ್ಣು ಕಂಡ ಸತ್ಯ ದೊಡ್ಡದೆಂದು ಅವರು ಹಾಗೆಯೇ ಬರೆದರು.

ಪಿರಮಿಡ್‌ಗಳನ್ನು ನೋಡಿದ್ದೂ ಇದೇ ಕಣ್ಣಿನಿಂದ. ಸಲಾಹುದ್ದೀನರ ಮಗ ಮಲಿಕ್ ಅಝೀಝ್ ಉಸ್ಮಾನ್ ತನ್ನ ಸುತ್ತಲಿನವರ ಮಾತು ಕೇಳಿ 1196ರ ಸುಮಾರಿಗೆ ಮೂರನೆಯ, ಚಿಕ್ಕ ಪಿರಮಿಡ್ಡನ್ನು ಕೆಡವಲು ಹೊರಟ. ಎಂಟು ತಿಂಗಳು ಕಲ್ಲುಕುಟಿಗರು ದುಡಿದರು. ದಿನಕ್ಕೆ ಒಂದೋ ಎರಡೋ ಕಲ್ಲು ಬೀಳುತ್ತಿತ್ತು. ಹಣ ಮುಗಿಯಿತು, ಶಕ್ತಿ ಸೋತಿತು, ಪಿರಮಿಡ್ ನಿಂತಿತು. ಅದರ ಉತ್ತರ ಮುಖದಲ್ಲಿ ಆ ಗಾಯವನ್ನು ನಾವೂ ನೋಡಿದೆವು. ಬಿದ್ದ ಒಂದು ಕಲ್ಲನ್ನು ಮರಳಿ ಅದರ ಸ್ಥಾನದಲ್ಲಿಡಲು ಸಾವಿರ ದೀನಾರ್ ಕೊಟ್ಟರೆ ಆದೀತೇ ಎಂದು ಅಬ್ದುಲ್ಲತೀಫರು ಮೇಸ್ತ್ರಿಯನ್ನು ಕೇಳಿದರಂತೆ. ಅದರ ಎಷ್ಟೋ ಪಟ್ಟು ಕೊಟ್ಟರೂ ಆಗದೆಂದು ಆತ ಆಣೆಯಿಟ್ಟು ಹೇಳಿದ.

ಅಬುಲ್ ಹೌಲ್, ಅಂದರೆ ಸ್ಫಿಂಕ್ಸ್‌ನ ಮುಂದೆ ನಮ್ಮ ಇನ್ನೊಂದು ನಂಬಿಕೆಯೂ ಕರಗಿತು. ಅದರ ಮೂಗನ್ನು ನೆಪೋಲಿಯನ್‌ನ ಫಿರಂಗಿ ಹಾರಿಸಿತೆಂದು ನಾವು ಕೇಳಿದ್ದೆವು. ಆದರೆ ನೆಪೋಲಿಯನ್ ಹುಟ್ಟುವುದಕ್ಕೂ ಮುಂಚೆ, 1737ರಲ್ಲಿ ಡೆನ್ಮಾರ್ಕಿನ ಪ್ರವಾಸಿಯೊಬ್ಬ ಬರೆದ ಚಿತ್ರದಲ್ಲಿಯೇ ಮೂಗಿಲ್ಲ. ಹದಿನೈದನೆಯ ಶತಮಾನದ ಇತಿಹಾಸಕಾರ ಅಲ್‌ಮಖ್ರೀಝಿ, ರೈತರು ಅದಕ್ಕೆ ಹರಕೆ ಸಲ್ಲಿಸುವುದನ್ನು ಸಹಿಸದೆ ಸೂಫಿಯೊಬ್ಬರು ಅದನ್ನು ವಿರೂಪಗೊಳಿಸಿದರೆಂದು ದಾಖಲಿಸಿದ್ದಾರೆ. ನಮ್ಮವರು ಮಾಡಿದ್ದನ್ನು ನಮ್ಮವರೇ ಮುಚ್ಚಿಡದೆ ಬರೆದರು. ಪರರ ತಲೆಗೆ ಕಟ್ಟುವ ಕಥೆಯನ್ನು ಮೆಚ್ಚಿಕೊಂಡವರು ನಾವು.

ಮಲಗಿದ ಅರಸ

ಮಿತ್ ರಹೀನಾ ಖರ್ಜೂರದ ತೋಟಗಳ ನಡುವಿನ ಒಂದು ಹಳ್ಳಿ. ಮೂರು ಸಾವಿರ ವರ್ಷ ಬಾಳಿದ ರಾಜಧಾನಿ ಮೆಂಫಿಸ್ ಇದ್ದುದು ಇಲ್ಲಿ. ಅರಬರು ಅದನ್ನು ಮನ್ಫ್ ಎಂದರು. ಅಬ್ದುಲ್ಲತೀಫರು ಬಂದಾಗ ಅದರ ಅವಶೇಷಗಳು ಬಹುದೂರ ಹಬ್ಬಿದ್ದವು. ಬಳಿಕ ಅದರ ಕಲ್ಲುಗಳು ಕೈರೋದ ಗೋಡೆಗಳಾದವು. ಇಂದು ಅಲ್ಲಿ ಮುಖ್ಯವಾಗಿ ಕಾಣುವುದು, 1820ರಲ್ಲಿ ಪತ್ತೆಯಾದ ಎರಡನೆಯ ರಾಮ್ಸೆಸ್‌ನ ಬೃಹತ್ ಶಿಲಾಮೂರ್ತಿ. ಪಾದ ಮುರಿದುದರಿಂದ ಅದನ್ನು ನಿಲ್ಲಿಸಲಾಗಿಲ್ಲ, ಅಂಗಾತ ಮಲಗಿದೆ. ಹಳ್ಳಿಯ ಚಿಕ್ಕ ಮಸೀದಿಯಲ್ಲಿ ಝುಹ್ರ್ ಮತ್ತು ಅಸ್ರ್ ನಮಾಝನ್ನು ಜೊತೆಯಾಗಿ ನಿರ್ವಹಿಸಿ ಸಕ್ಕಾರಾಕ್ಕೆ ಹೊರಟೆವು. ಅಲ್ಲಿ ಝೋಸರ್ ಅರಸನಿಗಾಗಿ ಇಮ್‌ಹೋತೆಪ್ ರೂಪಿಸಿದನೆನ್ನಲಾದ ಆರು ಹಂತಗಳ ಪಿರಮಿಡ್ ನಿಂತಿದೆ. ಅದು ಮಹಾಪಿರಮಿಡ್ಡಿಗಿಂತ ಸುಮಾರು ನೂರು ವರ್ಷ ಹಳೆಯದು. ಈಜಿಪ್ಟಿನ ಪಿರಮಿಡ್‌ಗಳಿಗೆಲ್ಲ ಆರಂಭ.

ದಾರಿಯಲ್ಲಿ ಹಿರಿಯರು ಮತ್ತೆ ಕೇಳಿದರು: "ರಾಮ್ಸೆಸನೇ ಫಿರ್‌ಔನ್ ಅಲ್ಲವೇ? ಅವನ ಶವ ಸಮುದ್ರದಲ್ಲಿ ಸಿಕ್ಕಿತೆಂದು ಭಾಷಣಗಳಲ್ಲಿ ಕೇಳಿದ್ದೇವೆ." ಇದನ್ನೂ ತಿದ್ದಬೇಕಾಯಿತು. ರಾಮ್ಸೆಸನ ಮಮ್ಮಿ ಬೆಳಕಿಗೆ ಬಂದದ್ದು 1881ರಲ್ಲಿ, ಅವನ ಮಗ ಮೆರ್ನೆಪ್ತಾನದ್ದು 1898ರಲ್ಲಿ. ಎರಡೂ ಲಕ್ಸರಿನ ಬೆಟ್ಟಗಳ ಸಮಾಧಿಗಳಲ್ಲಿ. ಇತರ ಅರಸರ ದೇಹಗಳೊಂದಿಗೆ ಅವುಗಳನ್ನು ಪುರೋಹಿತರು ಅಡಗಿಸಿಟ್ಟಿದ್ದರು. ಶವದಲ್ಲಿ ಉಪ್ಪು ಸಿಕ್ಕಿತೆಂಬುದೂ ಪುರಾವೆಯಾಗದು. ಮಮ್ಮಿ ಮಾಡುವಾಗ ನೇಟ್ರನ್ ಎಂಬ ಉಪ್ಪಿನಲ್ಲಿಯೇ ಶವವನ್ನು ಒಣಗಿಸುತ್ತಿದ್ದರು. ಫಿರ್‌ಔನನ ದೇಹವನ್ನು ನಂತರದವರಿಗೆ ದೃಷ್ಟಾಂತವಾಗಿ ಉಳಿಸುವ ಮಾತು ಯೂನುಸ್ ಅಧ್ಯಾಯದಲ್ಲಿದೆ. ಅದರಲ್ಲಿ ನಮಗೆ ಸಂಪೂರ್ಣ ವಿಶ್ವಾಸವಿದೆ. ಆದರೆ ಅವನ ಹೆಸರನ್ನು ಅಲ್ಲಾಹನು ತಿಳಿಸಿಲ್ಲ. ಅವನು ಹೇಳದೆ ಬಿಟ್ಟ ಹೆಸರನ್ನು ನಾವು ತುಂಬಿಸಿ, ಅದನ್ನೇ ವಿಶ್ವಾಸದ ಆಧಾರವೆಂಬಂತೆ ಸಾರಿದರೆ, ನಾಳೆ ಆ ಹೆಸರು ತಪ್ಪೆಂದು ಸಾಬೀತಾದ ದಿನ ನಮ್ಮ ಮಕ್ಕಳು ಸಂದೇಹಪಡುವುದು ನಮ್ಮ ಭಾಷಣವನ್ನಷ್ಟೇ ಅಲ್ಲ, ಗ್ರಂಥವನ್ನೂ ಕೂಡ. ಆ ಹೊಣೆಯನ್ನು ಹೊರುವವರು ಯಾರು?

ಊರಿಗೆ ಮರಳಿದ ಮೊದಲ ವಾರ ನಾವು ಮಕ್ಕಳ ಮುಂದೆ ನಿಂತು, ಪಿರಮಿಡ್ ಬಗ್ಗೆ ಇಷ್ಟು ವರ್ಷ ಹೇಳಿದ್ದು ತಪ್ಪಾಗಿತ್ತೆಂದು ಒಪ್ಪಿಕೊಂಡೆವು. ಗಂಟಲು ಸ್ವಲ್ಪ ಒಣಗಿತ್ತು. ಒಬ್ಬ ಹುಡುಗ ಎದ್ದು, "ಹಾಗಾದರೆ ಫಿರ್‌ಔನ್ ಯಾರು ಉಸ್ತಾದ್?" ಎಂದು ಕೇಳಿದ. ಹೆಸರು ಗೊತ್ತಿಲ್ಲ, ಅವನ ಗುಣಗಳು ಗೊತ್ತಿವೆ ಎಂದೆವು: ತಾನೇ ದೊಡ್ಡವನೆಂದು ಬೀಗಿದವನು, ಜನರನ್ನು ಪಂಗಡಗಳಾಗಿ ಒಡೆದು ಒಂದು ಪಂಗಡವನ್ನು ತುಳಿದವನು, ಎದುರು ನಿಂತ ಸತ್ಯವನ್ನು ತಿಳಿದೂ ನಿರಾಕರಿಸಿದವನು. ಆ ಮೂರನೆಯ ಗುಣವನ್ನು ಹೇಳುವಾಗ, ನಮ್ಮ ಹಳೆಯ ಪಾಠವನ್ನು ತಿದ್ದದೆ ಉಳಿಸಿಕೊಳ್ಳುವ ಆಸೆ ಗೀಝಾದ ಆ ಬೆಳಗಿನಲ್ಲಿ ನಮ್ಮೊಳಗೂ ಕ್ಷಣಕಾಲ ಸುಳಿದುಹೋದದ್ದು ನೆನಪಾಯಿತು. ಅಲ್ಲಾಹನು ನಮ್ಮೆಲ್ಲರಿಗೂ ಸತ್ಯವನ್ನು ಸತ್ಯವೆಂದು ಕಾಣುವ, ಕಂಡ ಮೇಲೆ ಒಪ್ಪಿಕೊಳ್ಳುವ ಸೌಭಾಗ್ಯವನ್ನು ಕರುಣಿಸಲಿ, ಆಮೀನ್.